ಮಾವನ ಅಂಬಾಸಿಡರ್ ಕಾರಿಗೆ ಯಾವ ಇಂಜಿನ್?



34 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿದವನು ಈಗ ಕಾರಿನ ಇಂಜಿನ್ನಿನ ಬಗ್ಗೆ ಬರೆಯಲು ಹೊರಟಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ಬರಲಿ. ನನಗೆ ಕಾರು ಓಡಿಸಲು ಬರುತ್ತಿತ್ತೇ ಹೊರತು ಅದರ ಒಳಗಿನ ವ್ಯವಹಾರ ಅರುವತ್ತು ದಾಟುವವರೆಗೂ ತಿಳಿದಿರಲಿಲ್ಲ. ಆದರೆ ಒಂದು ಹಳೆಯ ಕಾರಿನ ವಿಷಯದಲ್ಲಿ ನಮ್ಮ ಕುಟುಂಬದೊಳಗೆ ಎದ್ದ ತಕರಾರು ನನ್ನನ್ನು ಒಂದು ವರ್ಷ ಕಾಲ ಗ್ಯಾರೇಜು, ಲೇತ್ ಅಂಗಡಿ, ಆರ್.ಟಿ.ಓ. ಕಚೇರಿ, ಹಳೆಯ ಪುಸ್ತಕಗಳು ಎಂದು ಅಲೆಸಿತು. ಅಲೆದು ಮುಗಿದ ಮೇಲೆ ನೋಡಿದರೆ ಅದು ನನ್ನ ಪಾಠದ ವಿಷಯವೇ ಆಗಿತ್ತು.

ಕಾರು ನನ್ನ ಸೋದರಮಾವನದು. 1968ನೆಯ ಇಸವಿಯ ಅಂಬಾಸಿಡರ್ ಮಾರ್ಕ್ 2. ಮಳವಳ್ಳಿ ತಾಲ್ಲೂಕಿನಲ್ಲಿ ಅವರಿಗೆ ನಾಲೆ ನೀರಿನ ಜಮೀನು, ಕಬ್ಬು, ಒಂದು ಆಲೆಮನೆ. 1974ರಲ್ಲಿ ಮೈಸೂರಿನ ವೈದ್ಯರೊಬ್ಬರಿಂದ ಈ ಕಾರನ್ನು ಕೊಂಡು ತಂದರು. ಸುತ್ತಲ ನಾಲ್ಕು ಹಳ್ಳಿಗಳ ಬಾಣಂತಿಯರು, ಮದುಮಕ್ಕಳು, ಹಾವು ಕಡಿದವರು ಅದರಲ್ಲಿ ಮಳವಳ್ಳಿ ಆಸ್ಪತ್ರೆಗೋ ಮಂಡ್ಯಕ್ಕೋ ಹೋಗಿದ್ದಾರೆ. ಹಿಂದಿನ ಸೀಟಿನಲ್ಲಿ ಬೆಲ್ಲದ ಅಚ್ಚುಗಳೂ ಪ್ರಯಾಣ ಮಾಡಿವೆ. ಎಷ್ಟು ತೊಳೆದರೂ ಆ ಸೀಟಿನ ಜಿಗುಟು ಹೋಗಿರಲಿಲ್ಲ. ಮಾವ ತೀರಿಕೊಂಡ ಮೇಲೆ ಕಾರು ಆಲೆಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ಹದಿನೈದು ವರ್ಷ ನಿಂತಿತು.

ಮಾವನ ಮಗ, ನನಗಿಂತ ಎಂಟು ವರ್ಷ ಚಿಕ್ಕವನು, ಕೊರೊನಾ ಕಾಲದಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು, ಅದನ್ನು ಮತ್ತೆ ರಸ್ತೆಗೆ ತರುವ ಹಟ ಹಿಡಿದ. ವರ್ಷಕ್ಕೊಂದಿಷ್ಟು ಎಂದು ತಗಡಿನ ಕೆಲಸ, ಬಣ್ಣ, ಸೀಟು, ವೈರಿಂಗು ಮಾಡಿಸಿದ. ಉಳಿದದ್ದು ಇಂಜಿನ್ ಒಂದೇ. 2023ರ ಯುಗಾದಿಗೆ ನಾನು ಊರಿಗೆ ಹೋದಾಗ ಬ್ಯಾಟರಿ ಜೋಡಿಸಿ ಅದನ್ನು ಚಾಲೂ ಮಾಡಿದ. ಚಾಲೂ ಏನೋ ಆಯಿತು. ಆದರೆ ಹಿಂದಿನಿಂದ ಎದ್ದ ನೀಲಿ ಹೊಗೆಗೆ ಹಟ್ಟಿಯ ಕೋಳಿಗಳೆಲ್ಲ ಚದುರಿಹೋದವು.

"ಭಾವ, ಇದು ಮುಗೀತು. ಈ ಇಂಜಿನ್ ತಗ್ದು ಒಂದು ಡೀಸೆಲ್ ಇಂಜಿನ್ ಕೂರಿಸ್ಬುಡನ. ಅತ್ಲಾಗೆ ನಿಶ್ಚಿಂತೆ" ಎಂದ.

ನನಗೆ ಯಾಕೋ ಸಿಟ್ಟು ಬಂತು. "ನಿಮ್ಮಪ್ಪ ಓಡಿಸಿದ ಇಂಜಿನ್ ಅದು. ಅದನ್ನು ತೆಗೆದರೆ ಉಳಿಯುವುದು ಬರೀ ತಗಡು. ಮೂಲ ಇಂಜಿನ್ನನ್ನೇ ರಿಪೇರಿ ಮಾಡಿಸು" ಎಂದು ಮೇಷ್ಟ್ರ ಧ್ವನಿಯಲ್ಲೇ ಹೇಳಿದೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಏನೂ ಹೇಳಲಿಲ್ಲ.

ಈಗ ಸ್ವಲ್ಪ ಇತಿಹಾಸಕ್ಕೆ ಬರುತ್ತೇನೆ. ನನ್ನ ಪಕ್ಷವನ್ನು ಬಲಪಡಿಸಿಕೊಳ್ಳಲೆಂದೇ ನಾನು ಅಂಬಾಸಿಡರಿನ ಚರಿತ್ರೆಯನ್ನು ಓದಲು ಕುಳಿತೆ. ಅದು ನನ್ನ ಪಕ್ಷವನ್ನೇ ಬುಡಮೇಲು ಮಾಡಿತು.

ನಮ್ಮ ದೇಶದಲ್ಲಿ ಕಾರು ತಯಾರಾಗಬೇಕೆಂಬ ಕನಸಿನಲ್ಲಿ ನಮ್ಮ ಮೈಸೂರಿಗೂ ಪಾಲಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳಿಗೆ ಹೋಗಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಒಂದು ಯೋಜನೆಯನ್ನು ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಮಾವನ ಗದ್ದೆಗೆ ನೀರು ತಂದ ನಾಲೆಗೆ ಅದೇ ಮಹನೀಯರ ಹೆಸರಿದೆ ಎಂಬುದನ್ನು ಇಲ್ಲಿ ನೆನೆದು ಮುಂದೆ ಹೋಗೋಣ. ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಬಿರ್ಲಾ ಕುಟುಂಬದಿಂದ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಯಿತು. ಸ್ವಾತಂತ್ರ್ಯಾನಂತರ ಬಂಗಾಳದ ಉತ್ತರಪಾರಕ್ಕೆ ಸ್ಥಳಾಂತರಗೊಂಡಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರಿನ ವಿನ್ಯಾಸವನ್ನು ತಂದು 1957ರಲ್ಲಿ ಅಂಬಾಸಿಡರ್ ಎಂದು ಹೆಸರಿಟ್ಟರು. ಇಂಗ್ಲೆಂಡಿನಲ್ಲಿ ಆ ಮಾದರಿ 1959ಕ್ಕೇ ನಿಂತುಹೋಯಿತು. ನಮ್ಮಲ್ಲಿ ಅದರ ಮೈಕಟ್ಟು 2014ರ ಮೇ ತಿಂಗಳವರೆಗೆ, ಅಂದರೆ ಅರ್ಧ ಶತಮಾನಕ್ಕೂ ಮೀರಿ, ಹೆಚ್ಚು ಕಡಮೆ ಹಾಗೆಯೇ ಉಳಿಯಿತು. ಮೂತಿಯ ಜಾಲರಿ, ದೀಪ, ಡ್ಯಾಶ್‌ಬೋರ್ಡು ಬದಲಾದವು, ಅಷ್ಟೆ.

ಆದರೆ ಇಂಜಿನ್? ಮೊದಲ ಅಂಬಾಸಿಡರಿನಲ್ಲಿದ್ದುದು ಸೈಡ್ ವಾಲ್ವಿನ, ಏದುಸಿರು ಬಿಡುವ 1476 ಸಿ.ಸಿ. ಇಂಜಿನ್. ಎರಡೇ ವರ್ಷದಲ್ಲಿ ಅದನ್ನು ಕಿತ್ತು ಹಾಕಿ ವಾಲ್ವುಗಳು ಮೇಲಿರುವ 1489 ಸಿ.ಸಿ.ಯ ಬಿ.ಎಂ.ಸಿ. ಇಂಜಿನ್ನನ್ನು ಕೂರಿಸಿದರು. ಮಾವನ ಕಾರಿನಲ್ಲಿದ್ದುದು ಈ ಜಾತಿಯದು. ಇಂಗ್ಲೆಂಡಿನಲ್ಲಿ ಇದೇ ಕುಲದ ಇಂಜಿನ್ ಎಂ.ಜಿ.ಎ. ಎಂಬ ಎರಡು ಸೀಟಿನ ಓಟದ ಕಾರಿಗೂ ಇತ್ತು. ಅಲ್ಲಿ ಟೊಪ್ಪಿಗೆ ಹಾಕಿದ ಯುವಕರು ಗಾಳಿ ಸೀಳಿಕೊಂಡು ಹೋದ ಇಂಜಿನ್ನಿನ ದಾಯಾದಿ ಇಲ್ಲಿ ಬೆಲ್ಲ ಹೊತ್ತಿತು! 1973ರ ನಂತರ ಪೆಟ್ರೋಲ್ ದುಬಾರಿಯಾಯಿತು. 1980ರ ಹೊತ್ತಿಗೆ ಅಂಬಾಸಿಡರಿಗೆ ಡೀಸೆಲ್ ಇಂಜಿನ್ ಬಂತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡಿತು. 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಝು ಸಂಸ್ಥೆಯ 1.8 ಲೀಟರಿನ ಪೆಟ್ರೋಲ್ ಇಂಜಿನ್ ಇದೇ ಹಳೆಯ ಮೈಯೊಳಗೆ ಬಂದು ಕುಳಿತಿತು.

ಅಂದರೆ ಏನಾಯಿತು? ಅಂಬಾಸಿಡರ್ ಎಂದರೆ ಅದರ ಇಂಜಿನ್ ಎಂದು ವಾದ ಹೂಡಲು ಹೊರಟ ನನಗೆ, ತಯಾರಿಸಿದವರೇ ಮನೆ ಉಳಿಸಿಕೊಂಡು ಬಾಡಿಗೆದಾರರನ್ನು ಬದಲಿಸುವ ಹಾಗೆ ಇಂಜಿನ್ನುಗಳನ್ನು ಬದಲಿಸುತ್ತ ಬಂದಿದ್ದಾರೆ ಎಂಬುದು ತಿಳಿಯಿತು. ಇದನ್ನು ಭಾವಮೈದುನನಿಗೆ ಹೇಳಲಿಲ್ಲ. ಅವನಿಗೆ ಅನುಕೂಲವಾಗುತ್ತಿತ್ತು!

ಹಾಗೆ ನೋಡಿದರೆ ಈ ಪ್ರಶ್ನೆಗೆ ನಮ್ಮ ಮಳವಳ್ಳಿ ಸೀಮೆಯಲ್ಲೇ ಇನ್ನೂ ಹಳೆಯ ಉದಾಹರಣೆಯಿದೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ನನ್ನೊಡನೆ ಶಿವನಸಮುದ್ರದ ವಿದ್ಯುದಾಗಾರಕ್ಕೆ ಬಂದವರೇ. ಚಿತ್ರಾನ್ನದ ಡಬ್ಬಿ ಕೋತಿಯ ಪಾಲಾದದ್ದು ಮಾತ್ರ ನೆನಪಿರುವವರಿಗೆ ಉಳಿದದ್ದನ್ನು ಮತ್ತೆ ಹೇಳುತ್ತೇನೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೆ ಅವರ ಯೋಜನೆಯಂತೆ, ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸುವ ಕೆಲಸ ನಡೆಯಿತು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಲಾರಿಗಳಿಲ್ಲದ ಕಾಲದಲ್ಲಿ ಆ ಭಾರವನ್ನೆಲ್ಲ ಎತ್ತು, ಕುದುರೆ, ಆನೆಗಳ ಬಲದಿಂದ ಎಳೆದು ತಂದರು. 1902ರ ಜೂನ್ 30ರಂದು 92 ಮೈಲಿ ದೂರದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ. ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ಎಷ್ಟೋ ದಶಕಗಳ ನಂತರ.

ಆಗ ಅಲ್ಲಿ ಕೂರಿಸಿದ್ದು ತಲಾ 720 ಕಿಲೋವ್ಯಾಟಿನ ಆರು ಯಂತ್ರಗಳು. ಒಟ್ಟು ಕೂಡಿದರೆ ನಾಲ್ಕೂಕಾಲು ಮೆಗಾವ್ಯಾಟಿನಷ್ಟು. ಹಂತಹಂತವಾಗಿ ವಿಸ್ತರಣೆಯಾಗಿ ಆ ಕೇಂದ್ರದ ಸಾಮರ್ಥ್ಯ 42 ಮೆಗಾವ್ಯಾಟಿಗೆ ಏರಿತು: 3 ಮೆಗಾವ್ಯಾಟಿನ ಆರು, 6 ಮೆಗಾವ್ಯಾಟಿನ ನಾಲ್ಕು. ಲೆಕ್ಕ ಹಾಕಿ ನೋಡಿ, ಮೊದಲ ಆರರಲ್ಲಿ ಒಂದೂ ಇದರೊಳಗಿಲ್ಲ. ಆದರೂ ನಾನು ಪ್ರತಿ ವರ್ಷ ಮಕ್ಕಳಿಗೆ "ಇದು 1902ರ ವಿದ್ಯುದಾಗಾರ" ಎಂದೇ ಹೇಳುತ್ತಿದ್ದೆ. ಯಾರೂ "ಸಾರ್, ಇದರಲ್ಲಿ 1902ರದು ಯಾವುದು?" ಎಂದು ಕೇಳಲಿಲ್ಲ. ಕೇಳಿದ್ದರೆ ನದಿ, ಇಳಿಜಾರು, ಜಾಗ ಎಂದು ಹೇಳಿ ಪಾರಾಗುತ್ತಿದ್ದೆನೇನೋ.

ಮಂಡ್ಯದ ನಮ್ಮ ಮೈಷುಗರ್ ಕಾರ್ಖಾನೆಯದೂ ಇದೇ ಕತೆ. 1933ರಲ್ಲಿ ಸ್ಥಾಪನೆಯಾದದ್ದು; ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಹೆಸರನ್ನು ಮಂಡ್ಯದ ಹಿರಿಯರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಗಾಣಗಳು ಹಳತಾದವು, ದುರಸ್ತಿಯೋ ಹೊಸ ಕಾರ್ಖಾನೆಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು, ಅದರ ನಡುವೆ ಖಾಸಗಿಗೆ ವಹಿಸುವ ಮಾತೂ ಬಂದು ರೈತರು ಬೀದಿಗಿಳಿದರು. ನಿಂತಿದ್ದ ಕಾರ್ಖಾನೆ 2022ರಲ್ಲಿ ಸರ್ಕಾರದ ಒಡೆತನದಲ್ಲೇ ಮತ್ತೆ ಕಬ್ಬು ಅರೆಯಿತು. ಆ ವಿಷಯ ಬರೆದರೆ ಬೇರೆಯೇ ಒಂದು ಪ್ರಬಂಧವಾದೀತು, ಇನ್ನೊಮ್ಮೆ ನೋಡೋಣ.

ಕಾರಿಗೆ ಬರೋಣ. ಮದ್ದೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಹತ್ತನೆಯ ತರಗತಿಯಲ್ಲಿ ಇಸವಿಗಳನ್ನು ಒಂದನ್ನೂ ನೆನಪಿಟ್ಟುಕೊಳ್ಳದೆ ನನ್ನಿಂದ ಬೈಸಿಕೊಂಡವನು. ಈಗ ಯಾವ ಇಸವಿಯ ಕಾರಿಗೆ ಯಾವ ಗೇರ್‌ಬಾಕ್ಸು ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಾನೆ. ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ ಬೆಂಗಳೂರು-ಮೈಸೂರಿನ ಗಾಡಿಗಳೆಲ್ಲ ಊರ ಹೊರಗೇ ಹಾಯ್ದುಹೋಗತೊಡಗಿದ ಮೇಲೆ ವಡೆ ಅಂಗಡಿಗಳವರ ಹಾಗೆ ಅವನಿಗೂ ಗಿರಾಕಿ ಇಳಿದಿತ್ತು. "ಬಿಡುವೈತೆ ಸಾ, ತನ್ನಿ" ಎಂದ. ಕಾರನ್ನು ಟೆಂಪೋದಲ್ಲಿ ಹೇರಿಸಿ ಮಳವಳ್ಳಿಯಿಂದ ಮದ್ದೂರಿಗೆ ತಂದೆವು.

ನಾವಿಬ್ಬರೂ ಅವನ ಮುಂದೆ ನಮ್ಮ ನಮ್ಮ ವಾದ ಮಂಡಿಸಿದೆವು. ಅವನು ಕೈ ಒರೆಸಿಕೊಳ್ಳುತ್ತ ಕೇಳಿ, "ಮೇಷ್ಟ್ರೇ, ನೀವು ಹೇಳೋದೂ ಬ್ಯಾಡ, ಅವರು ಹೇಳೋದೂ ಬ್ಯಾಡ. ಬಿಚ್ಚಿ ಅಳೀದೆ ನಾನು ಏನೂ ಹೇಳಕಿಲ್ಲ" ಎಂದ.

ಬಿಚ್ಚುವುದಕ್ಕೆ ಮೊದಲೇ ಅವನು ಮಾಡಿದ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಪ್ಲಗ್ಗುಗಳನ್ನು ತೆಗೆದು, ನಾಲ್ಕು ಸಿಲಿಂಡರುಗಳಿಗೂ ಒಂದೊಂದಾಗಿ ಗೇಜು ಒತ್ತಿ ಇಂಜಿನ್ನನ್ನು ತಿರುಗಿಸಿ ಒತ್ತಡವನ್ನು ಬರೆದುಕೊಂಡ. ಎರಡರಲ್ಲಿ ಒತ್ತಡ ತೀರ ಕಡಮೆ. ಆ ಎರಡಕ್ಕೂ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದ. ಒತ್ತಡ ಏರಿತು. "ವಾಲ್ವು ಹೋಗಿದ್ರೆ ಎಣ್ಣೆ ಬುಟ್ರೂ ಏರಕಿಲ್ಲ ಸಾ. ಏರ್ತು ಅಂದ್ರೆ ರಿಂಗು, ಬೋರು ಸವೆದವೆ. ನೀಲಿ ಹೊಗೆ ಅದ್ಕೇಯ" ಎಂದ. ಎಣ್ಣೆ ಸ್ವಲ್ಪ ಹೊತ್ತು ಆ ಸಂದನ್ನು ಮುಚ್ಚುತ್ತದೆ, ಆದ್ದರಿಂದ ಒತ್ತಡ ಏರುತ್ತದೆ. ಇಷ್ಟು ಸರಳವಾದ ತರ್ಕ! ಊಹೆಯನ್ನು ಪರೀಕ್ಷಿಸುವುದು ಹೇಗೆ ಎಂದು ಮಕ್ಕಳಿಗೆ ತಿಳಿಸಲು ನಾನು ಬೋರ್ಡಿನ ಮೇಲೆ ಎಷ್ಟು ಸೀಮೆಸುಣ್ಣ ಸವೆಸಿದ್ದೆ.

ಬಿಚ್ಚಿದ ಮೇಲೆ ಬ್ಲಾಕು ಮಂಡ್ಯದ ಲೇತ್ ಅಂಗಡಿಗೆ ಹೋಯಿತು. ಈ ಇಂಜಿನ್ನಿನ ಬೋರು, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಅಗಲ, ಕಾರ್ಖಾನೆಯಿಂದ ಬಂದಾಗ 73 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಓಡಿ ಓಡಿ ಅದು ಮೇಲ್ಭಾಗದಲ್ಲಿ ಹೆಚ್ಚು, ಕೆಳಗೆ ಕಡಮೆ ಸವೆಯುತ್ತದೆ; ದುಂಡಗಿದ್ದದ್ದು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಆಗ ಅದನ್ನು ಸ್ವಲ್ಪ ಕೊರೆದು ಅಗಲಿಸಿ, ಅಷ್ಟೇ ದೊಡ್ಡ ಪಿಸ್ಟನ್ ಹಾಕುವುದಕ್ಕೆ ರೀಬೋರ್ ಎನ್ನುತ್ತಾರೆ. ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ 10 ಸೈಜು, 20, 30, 40 ಎಂದು ಮೆಟ್ಟಿಲುಗಳಿವೆ. ನಮ್ಮ ಬ್ಲಾಕು ಆಗಲೇ 40 ಸೈಜಿನಲ್ಲಿತ್ತು. ಅಂದರೆ ಕೊನೆಯ ಮೆಟ್ಟಿಲು. ಇನ್ನು ಕೊರೆಯುವಂತಿಲ್ಲ.

"ನಾ ಹೇಳಿರ್ಲಿಲ್ವಾ ಭಾವ?" ಎಂದು ಭಾವಮೈದುನ ಗೆದ್ದವನಂತೆ ನೋಡಿದ.

ಆದರೆ ಒಂದು ಸಂಶಯ ನನ್ನನ್ನು ಕಾಡತೊಡಗಿತು. ಮಾವ ರೀಬೋರ್ ಮಾಡಿಸಿದ್ದು ನನಗೆ ತಿಳಿದಂತೆ ಒಂದೇ ಬಾರಿ. ಒಂದೇ ಬಾರಿಗೆ 40 ಆದದ್ದು ಹೇಗೆ? ಮೆಕ್ಯಾನಿಕ್ಕು ಬ್ಲಾಕನ್ನು ತೊಳೆದು ಇಂಜಿನ್ ಸಂಖ್ಯೆಯನ್ನು ಫೋನಿನಲ್ಲಿ ಕಳಿಸಿದ್ದ. ಊರಿಗೆ ಹೋಗಿ ಮಾವನ ಕಬ್ಬಿಣದ ಪೆಟ್ಟಿಗೆಯಿಂದ ಆರ್.ಸಿ. ಪುಸ್ತಕವನ್ನು ತೆಗೆದೆ. ಎಂವೈ ಅಕ್ಷರದ ಹಳೆಯ ಮೈಸೂರು ರಾಜ್ಯದ ನೋಂದಣಿ, ಮಾಸಿದ ಶಾಯಿ. ಮೊದಲ ಪುಟದಲ್ಲಿದ್ದ ಇಂಜಿನ್ ಸಂಖ್ಯೆಗೂ ಫೋನಿನಲ್ಲಿದ್ದ ಸಂಖ್ಯೆಗೂ ತಾಳೆಯೇ ಆಗಲಿಲ್ಲ.

ಎದೆ ಧಸಕ್ಕೆಂದಿತು. ಕದ್ದ ಇಂಜಿನ್ನೇ ಎಂದೂ ಒಂದು ಕ್ಷಣ ಅನ್ನಿಸಿತು, ಮಾವನ ಆತ್ಮ ಕ್ಷಮಿಸಲಿ. ಆಮೇಲೆ ಪುಸ್ತಕದ ಹಿಂಬದಿಯನ್ನು ತಿರುಗಿಸಿದೆ. ಅಲ್ಲಿ ನೇರಳೆ ಮುದ್ರೆಯ ಕೆಳಗೆ 1984ರ ತಾರೀಖಿನಲ್ಲಿ ಇಂಜಿನ್ ಬದಲಾವಣೆಯ ದಾಖಲೆ, ಹೊಸ ಸಂಖ್ಯೆ, ಅಧಿಕಾರಿಯ ಸಹಿ ಎಲ್ಲವೂ ಇತ್ತು. ಆಗ ಜಾರಿಯಲ್ಲಿದ್ದುದು 1939ರ ಮೋಟಾರು ವಾಹನ ಕಾಯ್ದೆ. ಮಾವ ಕ್ರಮಬದ್ಧವಾಗಿಯೇ ಬರೆಸಿದ್ದರು. ಆಧಾರಗ್ರಂಥದ ಎಲ್ಲ ಪುಟಗಳನ್ನೂ ತಿರುವಿ ನೋಡದೆ ತೀರ್ಮಾನಕ್ಕೆ ಬರಬೇಡಿ ಎಂದು ನಿಮಗೆಲ್ಲ ಬೋಧಿಸಿದವನು ನಾನೇ.

ಅತ್ತೆಯ ಬಳಿ ಕುಳಿತು ಕೇಳಿದೆ. ಎಂಬತ್ತು ದಾಟಿದ ಅವರಿಗೆ ಮೊನ್ನೆಯ ವಿಷಯ ಮರೆತುಹೋಗುತ್ತದೆ, ನಲವತ್ತು ವರ್ಷದ ಹಿಂದಿನದು ಕಣ್ಣಿಗೆ ಕಟ್ಟಿದಂತಿರುತ್ತದೆ.

"ಅಯ್ಯೋ, ಅದು ಕಾರಿನ ಜೊತೇಲಿ ಬಂದ ಇಂಜಿನ್ನಲ್ಲ ಕಣಪ್ಪ. ಅದು ಕೊಳ್ಳೇಗಾಲದಿಂದ ಬರೋವಾಗ ದಾರೀಲೇ ನೀರು ಆರೋಗಿ ಹಿಡ್ಕೊಬುಡ್ತು. ಬ್ಲಾಕೇ ಸೀಳೋಗಿತ್ತಂತೆ. ಆಮೇಲೆ ಇದನ್ನ ಎಲ್ಲಿಂದಲೋ ಹಳೇದು ತಂದು ಹಾಕ್ಸುದ್ರು."

"ಹಳೆಯದು ಯಾಕೆ ಅತ್ತೆ? ಆ ಕಾಲಕ್ಕೆ ಕಾರು ಇಟ್ಟವರು ಹೊಸ ಇಂಜಿನ್ನೇ ತರಿಸಬಹುದಿತ್ತಲ್ಲ?"

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ವರ್ಸ ನಿನ್ನ ಬಿ.ಎಡ್. ಇತ್ತಲ್ಲಪ್ಪ ಮೈಸೂರಲ್ಲಿ. ಫೀಸು, ಹಾಸ್ಟೆಲ್ಲು. ಹೊಸದ್ಕೆ ಎತ್ತಿಟ್ಟಿದ್ದ ದುಡ್ಡು ಅಲ್ಲಿಗೆ ಹೋಯ್ತು. ಹೇಳ್ಬ್ಯಾಡ ಅಂದಿದ್ರು ನಿಮ್ಮಾವ" ಎಂದರು.

ಮಾವ ಆ ವರ್ಷ ಮೈಸೂರಿನ ಹಾಸ್ಟೆಲಿಗೆ ಎರಡು ಸಲ ಬಂದಿದ್ದರು. ಎರಡು ಸಲವೂ ಬಸ್ಸಿನಲ್ಲಿ. ಕಾರೇಕೆ ತರಲಿಲ್ಲ ಎಂದು ಕೇಳಿದ್ದಕ್ಕೆ, "ಪೇಟೆಯೊಳಗೆ ನಿಲ್ಲಿಸಕ್ಕೆ ಜಾಗ ಇಲ್ಲ ಕಣೋ" ಎಂದಿದ್ದರು. ನಾನು ನಂಬಿದ್ದೆ. ಆ ಇಂಜಿನ್ನು ಯಾಕೆ ಮೊದಲೇ ಸವೆದದ್ದಾಗಿತ್ತು, 40 ಸೈಜಿಗೆ ಯಾಕೆ ಬಂದು ನಿಂತಿತು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿರಲಿಲ್ಲ.

ಮೂಲ ಇಂಜಿನ್ ಎಂಬ ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು. ಅದರ ಜಾಗದಲ್ಲಿ ಬಂದು ಕುಳಿತ ಭಾವನೆ ವಾದವಾಗಲು ತಕ್ಕದ್ದಲ್ಲ. ನಾನು ಈ ವ್ಯಾಜ್ಯದಲ್ಲಿ ಪಂಚನಾಗುವಂತಿರಲಿಲ್ಲ, ಕಕ್ಷಿದಾರನಾಗಿಬಿಟ್ಟಿದ್ದೆ. ಭಾವಮೈದುನನಿಗೆ ವಿಷಯವನ್ನೆಲ್ಲ ಹೇಳಿ, "ಇನ್ನು ನೀನೂ ಆ ಹುಡುಗನೂ ಕೂತು ತೀರ್ಮಾನ ಮಾಡಿ. ಡೀಸೆಲ್ ಎಂದರೆ ಡೀಸೆಲ್" ಎಂದೆ. ಅವನು ಏನೂ ಮಾತನಾಡದೆ ಎದ್ದು ಕೊಟ್ಟಿಗೆಯ ಕಡೆಗೆ ಹೋದ.

ಮದ್ದೂರಿನಲ್ಲಿ ಲೆಕ್ಕ ಹಾಕಿದೆವು. ಮೊದಲು ಡೀಸೆಲ್. ಒಂದು ಕಾಲದಲ್ಲಿ ಅದರ ಆಕರ್ಷಣೆಯೆಲ್ಲ ಬೆಲೆಯ ಅಂತರದಲ್ಲಿತ್ತು. ಸರ್ಕಾರ ಪೆಟ್ರೋಲಿನ ಬೆಲೆ ನಿಯಂತ್ರಣವನ್ನು 2010ರಲ್ಲೂ ಡೀಸೆಲಿನದನ್ನು 2014ರಲ್ಲೂ ಕೈಬಿಟ್ಟ ಮೇಲೆ ಆ ಅಂತರ ಮೊದಲಿನಷ್ಟು ಉಳಿಯಲಿಲ್ಲ. ಹಬ್ಬ ಹರಿದಿನಕ್ಕೆ, ಮದುವೆ ಮುಂಜಿಗೆ ಓಡುವ ಕಾರಿನಲ್ಲಿ ಖರ್ಚು ಮಾಡಿದ ಹಣ ಹಿಂದಿರುಗಲು ಇಪ್ಪತ್ತು ವರ್ಷ ಬೇಕು. ಡೀಸೆಲ್ ಇಂಜಿನ್ನಿಗೆ ತೂಕ ಹೆಚ್ಚು, ಅದುರಾಟ ಹೆಚ್ಚು. ಕೂರಿಸುವ ಕಾಲುಗಳನ್ನು ಕತ್ತರಿಸಿ ಬೆಸೆಯಬೇಕು, ಮುಂದಿನ ಸಸ್ಪೆನ್ಷನ್ ಬಿಗಿಗೊಳಿಸಬೇಕು, ರೇಡಿಯೇಟರು ಬದಲಿಸಬೇಕು. ಒಂದನ್ನು ತೆಗೆದರೆ ನಾಲ್ಕನ್ನು ಮುಟ್ಟಬೇಕು. ಜೊತೆಗೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಆರ್.ಸಿ.ಯಲ್ಲಿರುವ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಇಂಜಿನ್ ಬದಲಿಸುವುದಾದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಮಾವ 1984ರಲ್ಲಿ ಅದೇ ಜಾತಿಯ ಇಂಜಿನ್ ಹಾಕಿ ಬರೆಸಿದಷ್ಟು ಸುಲಭದ ಮಾತಲ್ಲ ಇದು.

ವಿಂಟೇಜ್ ನೋಂದಣಿಯ ಆಸೆಯನ್ನೂ ಭಾವಮೈದುನ ಒಮ್ಮೆ ತೆಗೆದ. 50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಪ್ರತ್ಯೇಕ ನಿಯಮ ಮಾಡಿತು. 20,000 ರೂಪಾಯಿ ಶುಲ್ಕ, 'ವಿಎ' ಎಂಬ ಅಕ್ಷರವಿರುವ ಫಲಕ. ಆದರೆ ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಇರಕೂಡದು. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಇಂತಹ ಕೆಲಸಕ್ಕಲ್ಲದೆ ದಿನನಿತ್ಯ ರಸ್ತೆಗೆ ತರುವಂತಿಲ್ಲ. ಅತ್ತೆಯನ್ನು ಮಳವಳ್ಳಿಯ ಕಣ್ಣಾಸ್ಪತ್ರೆಗೆ ಕರೆದೊಯ್ಯಲಾಗದ ಕಾರು ಯಾಕೆ ಬೇಕು? ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆವು. ಮಾಮೂಲಿ ನೋಂದಣಿಯನ್ನು ನವೀಕರಿಸಲು 2022ರ ಏಪ್ರಿಲಿನಿಂದ 600 ರೂಪಾಯಿ ಇದ್ದದ್ದು 5,000 ಆಗಿತ್ತು. ಹಳೆಯದನ್ನೆಲ್ಲ ಗುಜರಿಗೆ ಹಾಕಿ ಎಂಬ ನೀತಿಯ ಕಾಲವಿದು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು ಇನ್ನೂ ಏರಿತು. ನಾವು ಅಷ್ಟರೊಳಗೆ ಕೆಲಸ ಮುಗಿಸಿಕೊಂಡಿದ್ದೆವು.

ಇನ್ನು ಇದೇ ಜಾತಿಯ ಬೇರೊಂದು ಹಳೆಯ ಇಂಜಿನ್ ತರುವುದು. ಮಾವ ಮಾಡಿದ್ದು ಇದನ್ನೇ. ಬೆಂಗಳೂರಿನ ಗುಜರಿಯಲ್ಲಿ ಒಂದೆರಡು ಸಿಕ್ಕವು. "ಅದ್ರ ಹೊಟ್ಟೇಲಿ ಏನೈತೆ ಅಂತ ಬಿಚ್ಚಿ ನೋಡ್ದೆ ಹೆಂಗೆ ಹೇಳದು ಸಾ? ಇದ್ರದ್ದು ಏನು ಕೆಟ್ಟೈತೆ ಅಂತ ನಂಗೊತ್ತು, ಅದ್ರದ್ದು ಗೊತ್ತಿಲ್ಲ" ಎಂದ ನನ್ನ ವಿದ್ಯಾರ್ಥಿ. ಇಡೀ ವರ್ಷದಲ್ಲಿ ನಾನು ಕೇಳಿದ ಅತ್ಯಂತ ವಿವೇಕದ ಮಾತು ಇದು.

ಉಳಿದದ್ದು ಲೈನರ್ ದಾರಿ. ಸವೆದ ಬೋರನ್ನು ಇನ್ನಷ್ಟು ಕೊರೆದು, ಒಳಗೆ ಹೊಸ ಕಬ್ಬಿಣದ ಕೊಳವೆಯನ್ನು ಒತ್ತಿ ಕೂರಿಸಿ, ಅದನ್ನು ಮತ್ತೆ ಕಾರ್ಖಾನೆಯ ಮೂಲ ಅಳತೆಗೆ ತರುವುದು. ಬ್ಲಾಕಿನ ಗೋಡೆ ಗಟ್ಟಿಯಾಗಿದ್ದರೆ ಮಾತ್ರ ಇದು ಸಾಧ್ಯ. ಲೇತಿನವರು ಬ್ಲಾಕಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣ ಬಳಿದು ಕಾದರು. ಬಿರುಕಿದ್ದರೆ ಅದರೊಳಗೆ ಹೊಕ್ಕ ಎಣ್ಣೆ ಜಿನುಗಿ ಬಿಳಿಯ ಮೇಲೆ ಗೆರೆ ಮೂಡುತ್ತದೆ. ನಾವು ಮೂವರೂ ಬೆಂಚಿನ ಮೇಲೆ ಕುಳಿತು ಆ ಸುಣ್ಣವನ್ನೇ ನೋಡುತ್ತಿದ್ದೆವು. ಪರೀಕ್ಷೆಯ ಫಲಿತಾಂಶದ ದಿನ ನೋಟೀಸ್ ಬೋರ್ಡಿನ ಮುಂದೆ ನೀವು ನಿಲ್ಲುತ್ತಿದ್ದ ಹಾಗೆ. ಗೆರೆ ಮೂಡಲಿಲ್ಲ.

ಕ್ರ್ಯಾಂಕನ್ನು 20 ಸೈಜಿಗೆ ಸಾಣೆ ಹಿಡಿಸಿ ಅದಕ್ಕೆ ತಕ್ಕ ಬೇರಿಂಗು ಹಾಕಿದರು. ಹೆಡ್ಡಿನ ವಿಷಯದಲ್ಲಿ ಒಂದು ಸೂಕ್ಷ್ಮವಿತ್ತು. ಇಂತಹ ಇಂಜಿನ್ನುಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ಆ ಸೀಸವೇ ವಾಲ್ವು ಕೂರುವ ಜಾಗಕ್ಕೆ ರಕ್ಷಣೆಯಾಗಿತ್ತು. 2000ನೆಯ ಇಸವಿಯ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು. ಆದ್ದರಿಂದ ಗಟ್ಟಿ ಲೋಹದ ಬಳೆಗಳನ್ನು ಅಲ್ಲಿ ಕೂರಿಸಬೇಕಾಯಿತು. ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ, ಶೇಕಡ 20ರವರೆಗೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪಂಪಿನ ಪೊರೆ, ಕೊಳವೆಗಳನ್ನೆಲ್ಲ ಬದಲಿಸಿದೆವು. ಆ ಎಥೆನಾಲಿನಲ್ಲಿ ಕಬ್ಬಿನ ಪಾಲೂ ಇದೆ. ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಕಬ್ಬು ಈಗ ಟ್ಯಾಂಕಿನೊಳಕ್ಕೇ ಇಳಿದಿದೆ ಎಂದು ಭಾವಮೈದುನನ ತಮಾಷೆ.

ಎಲ್ಲ ಸೇರಿ ಖರ್ಚು 70,000 ದಾಟಿತು. ಅರ್ಧ ನಾನು ಕೊಡುತ್ತೇನೆಂದೆ. ಭಾವಮೈದುನ ಒಪ್ಪಲಿಲ್ಲ. ಅತ್ತೆ ಒಳಗಿನಿಂದಲೇ, "ಕೊಡ್ಲಿ ಬುಡೋ" ಎಂದರು. ಕೊಟ್ಟೆ.

2024ರ ಮಾರ್ಚಿನಲ್ಲಿ ಒಂದು ಬೆಳಗ್ಗೆ ಕಾರನ್ನು ಮದ್ದೂರಿನಿಂದ ಹೊರಡಿಸಿದೆವು. ಹೊಸ ರಿಂಗುಗಳು ಬೋರಿಗೆ ಒಗ್ಗುವವರೆಗೆ 50 ಕಿ.ಮೀ. ವೇಗ ಮೀರಬಾರದೆಂದು ಅಪ್ಪಣೆಯಾಗಿತ್ತು. ಭಾರತೀನಗರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ತೆವಳಿಕೊಂಡು ಬಂದೆವು. ಅವುಗಳನ್ನು ದಾಟುವ ಅವಸರ ನಮಗೇನೂ ಇರಲಿಲ್ಲ. ಊರ ಮುಂದಿನ ಏರಿನಲ್ಲಿ ಭಾವಮೈದುನ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, "ಹೊಗೆ ಇಲ್ಲ ಭಾವ" ಎಂದ. ಅತ್ತೆ ಜಗಲಿಯಿಂದ ಎದ್ದು ಬಂದು ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕುಳಿತರು. ಹೊಸ ರೆಕ್ಸಿನ್ನಿನ ಮೇಲೆ ಕೈಯಾಡಿಸಿ, "ಸೀಟೂ ಬದಲಾಯಿಸ್ಬುಟ್ಟಿದ್ದೀರಲ್ಲ" ಎಂದು ಆಕ್ಷೇಪಣೆ ಮಾಡಿದರು.

800 ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸಿ ಹೆಡ್ಡಿನ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿದೆವು. ಹಳೆಯ ಆರ್.ಸಿ. ಪುಸ್ತಕದ ಎಲ್ಲ ಪುಟಗಳ ನಕಲು ತೆಗೆಸಿ ಒಂದನ್ನು ನಾನೂ ಇಟ್ಟುಕೊಂಡಿದ್ದೇನೆ. ಈಗ ಉಳಿದಿರುವ ಕೊರತೆ ಒಂದೇ: ಎಡಗಡೆಯ ಹಿಂಬಾಗಿಲಿನ ಒಳಹಿಡಿ. ಮಾರ್ಕ್ 2ರದೇ ಆಗಬೇಕು, ಮಾರ್ಕ್ 3ರದು ಹೊಂದುವುದಿಲ್ಲವಂತೆ. ನಿಮ್ಮ ಅಜ್ಜನ ಮನೆಯ ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ಅಂತಹದೊಂದು ಬಿದ್ದಿದ್ದರೆ ದಯವಿಟ್ಟು ತಿಳಿಸಿ.